ಗುರುತು ಇಡಲು ಯಾರನ್ನು ಕರೆದರು?

2013ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತ ಹೊಸ ಮಹಾಯೋಜನೆಯ ತಯಾರಿಗೆಂದು ಅಂತರ್ಜಾಲದಲ್ಲಿ ಊರಿನ ನಕ್ಷೆಯನ್ನು ಜನರ ಮುಂದೆ ಹರಡಿತು. 2050ರ ಹೊತ್ತಿಗೆ ಊರಿನ ಜನಸಂಖ್ಯೆ 8,60,000 ಮುಟ್ಟಬಹುದೆಂಬ ಅಂದಾಜು ಯೋಜನೆಯ ಹಿಂದಿತ್ತು. ಹೊಸ ಮನೆಗಳು ಎಲ್ಲಿ ಬರಲಿ, ಯಾವ ಹಸಿರನ್ನು ಮುಟ್ಟಬಾರದು ಎಂಬುದನ್ನು ನಿವಾಸಿಗಳೇ ಗುರುತಿಸಬೇಕಿತ್ತು. ನಾಲ್ಕು ಸಾವಿರದ ಹತ್ತಿರ ಜನ ಸೇರಿ ಸುಮಾರು 33,000 ಗುರುತು ಇಟ್ಟರು.

ಈ ಸಮೀಕ್ಷೆಯ ಪದ್ಧತಿಯ ಬಗ್ಗೆ ನನಗೆ ತುಂಬು ಮೆಚ್ಚುಗೆಯಿದೆ. ಸಂಶೋಧಕಿ ಮಾರ್ಕೆಟ್ಟಾ ಕ್ಯುಟ್ಟಾ ಮತ್ತು ಸಂಗಡಿಗರು ಬೆಳೆಸಿದ ‘ಸಾಫ್ಟ್‌ಜಿಐಎಸ್’ ಎಂಬ ಈ ಪದ್ಧತಿ ಜನರ ಅನುಭವವನ್ನು ಜಾಗಕ್ಕೆ ಕಟ್ಟಿಹಾಕುತ್ತದೆ. ‘ನಮಗೆ ಹಸಿರು ಬೇಕು’ ಎನ್ನುವ ಅರ್ಜಿಯಿಂದ ಯೋಜಕರಿಗೆ ಸಿಗುವುದು ಅಷ್ಟಕ್ಕಷ್ಟೇ. ಈ ಬಂಡೆಯ ಹಿಂದಿನ ಕಾಲುದಾರಿ ಉಳಿಯಲಿ ಎಂದು ಬೆರಳಿಟ್ಟು ತೋರಿಸಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ನನ್ನ ತಕರಾರು ಇರುವುದು ಕರೆಯುವ ಕ್ರಮದ ಬಗ್ಗೆ. ಯಾರು ಬೇಕಾದರೂ ಬರಬಹುದಿತ್ತು, ನಿಜ. ಆದರೆ ಹಾಗೆ ಬಾಗಿಲು ತೆರೆದಿಟ್ಟಾಗ ಮೊದಲು ಬರುವವರು ಸುದ್ದಿ ಓದುವವರು, ಬಿಡುವಿರುವವರು, ಈಗಾಗಲೇ ಒಂದು ಹಟ ಹಿಡಿದವರು. ಆಗ ಊರಿನ ಜನಸಂಖ್ಯೆ ಆರು ಲಕ್ಷ; ಬಂದವರು ನಾಲ್ಕು ಸಾವಿರದ ಹತ್ತಿರ ಮಾತ್ರ. ಅದೂ ಅಲ್ಲದೆ, ಒಬ್ಬರೇ ಐವತ್ತು ಗುರುತು ಇಟ್ಟರೂ ಗುರುತುಗಳ ದಟ್ಟಣೆ ತೋರಿಸುವ ನಕ್ಷೆಯಲ್ಲಿ ಅದು ಐವತ್ತು ಜನರ ಬಯಕೆಯಂತೆಯೇ ಕೆಂಪೇರುತ್ತದೆ. ಬಾರದವರ ಬೀದಿ ಬಿಳಿಯಾಗಿ ಉಳಿಯುತ್ತದೆ. ನೋಡಿದವರಿಗೆ ಅಲ್ಲಿ ಯಾರಿಗೂ ಏನೂ ಬೇಡವೇನೋ ಅನ್ನಿಸುತ್ತದೆ. ನನಗೆ ಭಯ ಹುಟ್ಟಿಸುವುದು ಆ ಬಿಳಿ ಜಾಗವೇ.

ಸಂಶೋಧಕ ಗ್ರೆಗ್ ಬ್ರೌನ್ ಮತ್ತು ಸಹೋದ್ಯೋಗಿಗಳು ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಸಮೀಕ್ಷೆಗಳಲ್ಲಿ, ಚೀಟಿ ಎತ್ತಿದ ಹಾಗೆ ಆರಿಸಿದ ಮನೆಗಳಿಗೆ ಪತ್ರ ಕಳಿಸಿ ಕರೆದವರನ್ನೂ ತಾವಾಗಿ ಬಂದವರನ್ನೂ ಬೇರೆಬೇರೆಯಾಗಿ ನೋಡಿದರು. ತಾವಾಗಿ ಬಂದವರು ಹೆಚ್ಚು ಗುರುತು ಇಟ್ಟಿದ್ದರು. ಕಾಡಿನಿಂದ ಅವರು ಬಯಸಿದ್ದೂ ಬೇರೆಯಾಗಿತ್ತು. ಕರೆಯುವ ದಾರಿ ಬದಲಾದರೆ ನಕ್ಷೆಯೇ ಬದಲಾಗುತ್ತದೆ ಎಂದಾಯಿತು.

ಪತ್ರದ ದಾರಿಯೂ ಸಲೀಸಲ್ಲ. ಹೋದ ಪತ್ರಗಳಲ್ಲಿ ಬಹುಪಾಲಿಗೆ ಉತ್ತರವೇ ಬರುವುದಿಲ್ಲ. ಆದರೂ ಯಾರನ್ನು ಕರೆದೆವು, ಯಾರು ಬರಲಿಲ್ಲ ಎಂಬ ಲೆಕ್ಕವಾದರೂ ಕೈಯಲ್ಲಿರುತ್ತದೆ; ತೆರೆದ ಬಾಗಿಲಿಗೆ ಆ ಲೆಕ್ಕವೇ ಇಲ್ಲ. ಫಿನ್‌ಲೆಂಡಿನ ಜನಸಂಖ್ಯಾ ನೋಂದಣಿಯಲ್ಲಿ ಪ್ರತಿ ನಿವಾಸಿಯ ವಿಳಾಸವಿದೆ, ಮಾತೃಭಾಷೆಯೂ ದಾಖಲಾಗಿದೆ. ಇಂಥ ಪಟ್ಟಿ ಎಷ್ಟೋ ದೇಶಗಳ ಯೋಜಕರಿಗೆ ಕನಸಿನ ಮಾತು. ಅದನ್ನು ಕೈಯಲ್ಲಿಟ್ಟುಕೊಂಡ ನಾಡು ಬರೀ ತೆರೆದ ಬಾಗಿಲನ್ನು ನೆಚ್ಚಿಕೊಳ್ಳಬಾರದು. ಪತ್ರ ಕಳಿಸಿ ಕರೆದವರದೊಂದು, ತಾವಾಗಿ ಬಂದವರದೊಂದು ಎಂದು ಎರಡು ನಕ್ಷೆಗಳನ್ನು ಪಕ್ಕಪಕ್ಕದಲ್ಲೇ ಅಚ್ಚು ಹಾಕಬೇಕು. ಪೂರ್ವ ಹೆಲ್ಸಿಂಕಿಯ ಕೊಂತುಲಾದಲ್ಲಿ ಸೊಮಾಲಿ ಮಾತಾಡುವ ಮನೆಗೆ ಸೊಮಾಲಿಯಲ್ಲೇ ಪತ್ರ ಹೋಗಬೇಕು. ಹತ್ತಿರದ ಗ್ರಂಥಾಲಯದಲ್ಲಿ ಪಕ್ಕದಲ್ಲಿ ಕೂತು ನಕ್ಷೆ ತೋರಿಸಿಕೊಡಲು ಒಬ್ಬರು ಇರಬೇಕು.