ಬೆಟ್ಟದ ಸೌದೆ

ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ಸೌದೆ ಎಂದರೆ ಬರೀ ಉರುವಲಲ್ಲ, ಒಂದು ವರ್ಷದ ಲೆಕ್ಕಾಚಾರ. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದಲ್ಲಿ ಮರವನ್ನು ಬುಡಕ್ಕೆ ಕಡಿಯುವುದಿಲ್ಲ, ಟೊಂಗೆ ಸವರುತ್ತಾರೆ. ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುತ್ತದೆ, ಬರಿದಾದ ಕೊಂಬೆ ಒಲೆಗೆ. ಒಂದೇ ಕೊಯ್ಲಿನಲ್ಲಿ ತೋಟಕ್ಕೂ ಅಡುಗೆಮನೆಗೂ ಪಾಲು ಹಂಚುವ ಈ ಜಾಣತನ ನನಗೆ ಬಹಳ ಮೆಚ್ಚುಗೆ. ಮರವೂ ಮತ್ತೆ ಚಿಗುರುತ್ತದೆ.

ಟೊಂಗೆಯನ್ನು ಚಳಿಗಾಲದಲ್ಲೇ ಸವರುವುದಕ್ಕೆ ಕಾರಣವಿದೆ. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿಸಿದರೆ ಶಾಖದ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಚಳಿಗಾಲದಲ್ಲಿ ಸವರಿದರೆ ಮುಂದಿನ ಬಿಸಿಲಿನ ತಿಂಗಳುಗಳು ಕಟ್ಟಿಗೆಯನ್ನು ಒಣಗಿಸಿಬಿಡುತ್ತವೆ.

ಸೀಳುವ ಕೈಯನ್ನು ನೋಡಬೇಕು. ಬಲಕ್ಕಿಂತ ಕಣ್ಣು ಮುಖ್ಯ. ಗಂಟು ಎಲ್ಲಿದೆ, ಎಳೆ ಯಾವ ಕಡೆ ಓಡಿದೆ, ತುದಿಯ ಬಿರುಕು ಎತ್ತ ತೋರಿಸುತ್ತಿದೆ ಎಂದು ನೋಡಿ, ಅಲ್ಲೇ ಕೊಡಲಿ ಇಳಿಸಬೇಕು. ಜಂಬೆಯಂಥ ಗಟ್ಟಿಮರ ಸುಲಭಕ್ಕೆ ಬಗ್ಗದು, ಆದರೆ ಅದರ ಕೆಂಡ ಬಹಳ ಹೊತ್ತು ಬಾಳುತ್ತದೆ. ಅಡಿಕೆ ಬೇಯಿಸುವ ಹಂಡೆಗೆ ಅಂಥದ್ದೇ ಬೇಕು. ಚಕ್ಕೆ, ಪುರಲೆ ಒಲೆ ಹೊತ್ತಿಸುವುದಕ್ಕೆ.

ಒಟ್ಟುವಾಗ ನಡುವೆ ಗಾಳಿಯಾಡಲು ಜಾಗ ಬಿಡುತ್ತಾರೆ, ನೆಲದ ತೇವ ತಾಗದಂತೆ ಅಡಿಯಲ್ಲಿ ಎರಡು ದಿಮ್ಮಿ ಇಡುತ್ತಾರೆ. ಮುಂಗಾರಿನ ಮೊದಲ ಮಳೆಗೆ ಮುನ್ನ ಎಲ್ಲವೂ ಕಟ್ಟಿಗೆ ಮನೆ ಸೇರಿರಬೇಕು.