ಜೋಡಿ ಪವರ್ ಸಪ್ಲೈಯ ಲೆಕ್ಕ

ದತ್ತಾಂಶವನ್ನೂ ವಿದ್ಯುತ್ತನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಪಿಓಇ ವ್ಯವಸ್ಥೆಯು 2003ರಲ್ಲಿ ಪ್ರಮಾಣೀಕೃತವಾದಾಗ ಪೋರ್ಟೊಂದಕ್ಕೆ 15.4 ವ್ಯಾಟ್ ಇದ್ದದ್ದು, 2009ರಲ್ಲಿ 30ಕ್ಕೂ 2018ರಲ್ಲಿ 90ಕ್ಕೂ ಏರಿತು. ಗೋಡೆಯ ಪ್ಲಗ್ಗನ್ನು ತೊರೆದು ನೆಟ್‌ವರ್ಕ್ ಸ್ವಿಚ್ಚನ್ನೇ ಆಶ್ರಯಿಸಿದ ಫೋನು, ಕ್ಯಾಮೆರಾಗಳ ಪ್ರಾಣವೆಲ್ಲವೂ ಹೀಗೆ ಆ ಪೆಟ್ಟಿಗೆಯ ಬೆನ್ನಿನ ಪವರ್ ಸಪ್ಲೈಯಲ್ಲಿ ನೆಲೆಗೊಂಡಿರಲು, ಅದನ್ನು ಜೋಡಿಯಾಗಿ ಇಡುವುದು ವಿವೇಕವೇ ಸರಿ.

ಆದರೆ ಎರಡಿದ್ದ ಮಾತ್ರಕ್ಕೆ ಒಂದು ಆಪದ್ಬಾಂಧವನಾಗಲಾರದು. ಆಸ್ಪತ್ರೆಯೊಂದರ 48 ಪೋರ್ಟಿನ ಸ್ವಿಚ್ಚಿಗೆ ತಲಾ 715 ವ್ಯಾಟಿನ ಎರಡನ್ನು ಹಾಕಿ, ಎರಡು ಹಸಿರು ದೀಪಗಳನ್ನೂ ಕಂಡು ನಾನು ನೆಮ್ಮದಿಯಾಗಿದ್ದೆನು. 12 ವೈಫೈ ಪೆಟ್ಟಿಗೆಗಳಿಗೆ ತಲಾ 30ರಂತೆ 360, 16 ಕ್ಯಾಮೆರಾಗಳಿಗೆ ತಲಾ 15.4ರಂತೆ 246.4, 20 ಫೋನುಗಳಿಗೆ ತಲಾ 7ರಂತೆ 140: ಒಟ್ಟು 746.4 ವ್ಯಾಟ್, ಸ್ವಿಚ್ಚು ತಾನೇ ಉಣ್ಣುವುದು ಬೇರೆ. ಒಂದು ರಾತ್ರಿ ಒಂದು ಸಪ್ಲೈ ಕೆಟ್ಟಿತು. ಯಾವ ಪೋರ್ಟಿಗೂ ನಾನು ಆದ್ಯತೆಯನ್ನು ವಿಧಿಸಿರಲಿಲ್ಲವಾದುದರಿಂದ ಸ್ವಿಚ್ಚು ಕಡೆಯ ಸಂಖ್ಯೆಯಿಂದ ಒಂದೊಂದನ್ನಾಗಿ ಆರಿಸುತ್ತ ಬಂದಿತು; ಆ ಕಡೆಯ ಪೋರ್ಟುಗಳಲ್ಲಿ ಇದ್ದವು ವಾರ್ಡಿನ ನರ್ಸುಗಳ ಮೇಜಿನ ಫೋನುಗಳು. ಕತ್ತಲಾದ ಆ ಪುಟ್ಟ ಪರದೆಗಳು ಈಗಲೂ ನನ್ನ ಕಣ್ಣ ಮುಂದಿವೆ.

ಇಂತಹ ಸ್ವಿಚ್ಚುಗಳಲ್ಲಿ ಎರಡು ಕ್ರಮಗಳುಂಟು. ಒಂದರಲ್ಲಿ ಎರಡೂ ಸಪ್ಲೈಗಳ ಶಕ್ತಿ ಕೂಡಿ ಹಂಚಿಹೋಗುತ್ತದೆ. ಇನ್ನೊಂದರಲ್ಲಿ ಒಂದರ ಶಕ್ತಿಯನ್ನು ಮುಟ್ಟದೆ ಕಾದಿರಿಸಲಾಗುತ್ತದೆ. ನಾನು ಎರಡನೆಯದರ ಪಕ್ಷಪಾತಿ: ಶಕ್ತಿ ಸಾಲದಿದ್ದರೆ ಕೊನೆಯ ಕ್ಯಾಮೆರಾವನ್ನು ಚುಚ್ಚಿದ ಹಗಲಿನಲ್ಲಿಯೇ, ಎಲ್ಲರೂ ಎಚ್ಚರವಿರುವಾಗಲೇ, ಅದು ಕೊಡೆನೆಂದುಬಿಡುತ್ತದೆ.

ತಲಾ 1100 ವ್ಯಾಟಿನವುಗಳನ್ನು ತರಿಸಿದೆವು. ಒಂದೇ ಉಳಿದರೂ ಉಪಕರಣಗಳನ್ನು ಸಲಹಿ ಸ್ವಿಚ್ಚಿಗೆಂದು 353.6 ವ್ಯಾಟ್ ಮಿಗುತ್ತದೆ. ಹಳೆಯವನ್ನು ಬಿಚ್ಚುವಾಗಲಷ್ಟೇ ಕಂಡದ್ದು, ಎರಡರ ತಂತಿಗಳೂ ಒಂದೇ ಯುಪಿಎಸ್ಸಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಕ್ಕಪಕ್ಕದಲ್ಲಿದ್ದವು! ಒಂದನ್ನು ಅಲ್ಲಿಯೇ ಉಳಿಸಿ, ಇನ್ನೊಂದನ್ನು ಬೇರೆ ಎಂಸಿಬಿಯಿಂದ ಬರುವ, ಬೇರೆ ಯುಪಿಎಸ್ಸಿನ ಸಾಲಿಗೆ ಒಯ್ದೆವು.

ಅನಂತರ ನರ್ಸುಗಳ ಅನುಮತಿಯನ್ನು ಪಡೆದು, ಒಬ್ಬನನ್ನು ವಾರ್ಡಿನ ಫೋನುಗಳ ಮುಂದೆ ನಿಲ್ಲಿಸಿ, ಮೊದಲು ಎಡಗಡೆಯ ತಂತಿಯನ್ನು ಕಿತ್ತೆನು. ಅದನ್ನು ಮರಳಿ ಚುಚ್ಚಿ, ಹಸಿರು ಬರುವವರೆಗೆ ಕಾದು, ಬಲಗಡೆಯದನ್ನು ಕಿತ್ತೆನು. ಎರಡು ಸಲವೂ ಮೇಲಿನಿಂದ ಬಂದ ಕೂಗು ಒಂದೇ: "ಎಲ್ಲಾ ಉರೀತಿವೆ ಸಾರ್."