ಪಟ್ಟಿಯ ಕೊಂಡಿ ಮನೆಯಲ್ಲೇ ಅಚ್ಚಾಗಲಿ

ಚಕ್ರದ ರೋಬೋವನ್ನು ಒಂದು ಸಂಜೆಯಲ್ಲಿ ಜೋಡಿಸಿಬಿಡಬಹುದು. ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವ ರೋಬೋ ಮಾತ್ರ ತಾಳ್ಮೆ ಬೇಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಪ್ರೀತಿ. ಮುಂಬಯಿಯ ಎದ್ದುಬಿದ್ದ ಪೇವರ್ ಬ್ಲಾಕು, ಚಾಳಿನ ಹೊಸ್ತಿಲು: ಪುಟ್ಟ ಚಕ್ರ ಸಿಕ್ಕಿಕೊಳ್ಳುವಲ್ಲೆಲ್ಲ ಪಟ್ಟಿ ಹತ್ತಿ ಇಳಿಯುತ್ತದೆ.

ಮೋಟಾರು, ಬ್ಯಾಟರಿ, ಎಲ್ಲವನ್ನೂ ನಿಯಂತ್ರಿಸುವ ಇಎಸ್‌ಪಿ32 ಬೋರ್ಡಿಗೆ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ. ನಾಮಫಲಕದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಅಲ್ಲಿ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ಮೋಟಾರು ನಡೆಸಲು ಎಲ್298 ಡ್ರೈವರ್ ಬೇಡ, ಅದು ಸುಮಾರು 2 ವೋಲ್ಟನ್ನು ಬಿಸಿಯಾಗಿಯೇ ಕಳೆಯುತ್ತದೆ. 7.4 ವೋಲ್ಟಿನ ಬ್ಯಾಟರಿಗೆ ಅದು ದೊಡ್ಡ ನಷ್ಟ. ಸಣ್ಣ ಮೋಟಾರಿಗೆ ಟಿಬಿ6612 ಲೇಸು. ಮೋಟಾರಿನಲ್ಲಿ ವೇಗಕ್ಕಿಂತ ಬಲ ನೋಡಿ. ಪಟ್ಟಿಯ ಗಾಡಿ ತಿರುಗುವಾಗ ನೆಲವನ್ನು ಉಜ್ಜಿಕೊಂಡೇ ತಿರುಗಬೇಕು.

ಉಳಿದದ್ದೆಲ್ಲ ಮನೆಯ 3ಡಿ ಪ್ರಿಂಟರಿನದು. 2005ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಇಂಥ ಪ್ರಿಂಟರಿನ ರೆಪ್‌ರ‍್ಯಾಪ್ ಯೋಜನೆ ಆರಂಭಿಸಿ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 2009ರಲ್ಲಿ ಈ ಮುದ್ರಣ ವಿಧಾನಕ್ಕೆ ಸ್ಟ್ರಾಟಸಿಸ್ ಕಂಪನಿ ಪಡೆದಿದ್ದ ಮೂಲ ಪೇಟೆಂಟಿನ ಅವಧಿ ಮುಗಿಯಿತು. ಅಲ್ಲಿಂದ ಈ ಯಂತ್ರ ಮೇಜಿನ ಮೇಲೆ ಬಂದು ಕುಳಿತಿತು.

ಕುಶಲತೆ ಇರುವುದು ಕೊಂಡಿಯಲ್ಲಿ. ಪಟ್ಟಿಯೆಂದರೆ ಸೈಕಲ್ ಚೈನಿನಂತೆ ಹತ್ತಾರು ಕೊಂಡಿಗಳ ಸಾಲು. ಕೊಂಡಿಗಳನ್ನು ಬೆಸೆಯುವ ಪಿನ್ನಿಗೆ ಅಂಗಡಿಗೆ ಓಡಬೇಕಿಲ್ಲ, ಪ್ರಿಂಟರಿಗೆ ಹಾಕುವ 1.75 ಮಿ.ಮೀ. ಪ್ಲಾಸ್ಟಿಕ್ ಎಳೆಯ, ಅಂದರೆ ಫಿಲಮೆಂಟಿನ, ತುಂಡೇ ಸಾಕು. ಪ್ರಿಂಟರಿನಲ್ಲಿ ತೂತು ಅಳತೆಗಿಂತ ತುಸು ಕಿರಿದಾಗಿಯೇ ಬರುತ್ತದೆ; ಆದ್ದರಿಂದ ಚಿತ್ರದಲ್ಲೇ 0.3 ಮಿ.ಮೀ.ನಷ್ಟು ಸಡಿಲ ಬಿಡಬೇಕು. ಬಿಗಿಯಾದರೆ ಪಟ್ಟಿ ಮಡಚದು, ಹೆಚ್ಚು ಸಡಿಲವಾದರೆ ತಿರುವಿನಲ್ಲಿ ಹಲ್ಲುಗಾಲಿಯಿಂದ ಜಾರಿ ಕಳಚುತ್ತದೆ. ಕೊಂಡಿಯನ್ನು ಮಲಗಿಸಿಯೇ ಮುದ್ರಿಸಿ. ನಿಲ್ಲಿಸಿ ಮುದ್ರಿಸಿದರೆ ಎಳೆತ ಬಿದ್ದಾಗ ಪದರಗಳ ನಡುವೆ ಸೀಳುತ್ತದೆ. ಹಿಂದಿನ ಗಾಲಿಯನ್ನು ಸ್ಕ್ರೂವಿನಿಂದ ಮುಂದೆ ಹಿಂದೆ ಸರಿಸುವಂತೆ ಮಾಡಿದರೆ ಬಿಗಿತ ನಿಮ್ಮ ಕೈಯಲ್ಲೇ ಇರುತ್ತದೆ. ಗಾಲಿಗಳ ಒಳಗೆ 608 ಬೇರಿಂಗ್ ಕೂರಿಸಿ. ಸ್ಕೇಟಿಂಗ್ ಗಾಲಿಯಲ್ಲಿರುವುದೂ ಅದೇ.

ಜೂನ್ ಬಂತೆಂದರೆ ಮುಂಬಯಿಯ ಗಾಳಿಯೇ ಶತ್ರು. ಫಿಲಮೆಂಟಿನ ಪ್ಲಾಸ್ಟಿಕ್ಕಾದ ಪಿಎಲ್ಎ ತೇವ ಹೀರುತ್ತದೆ. ಸುಮಾರು 200 ಡಿಗ್ರಿಯ ನಳಿಕೆಯಲ್ಲಿ ಆ ನೀರು ಆವಿಯಾಗಿ ಚಟಚಟ ಸಿಡಿದು, ಕೊಂಡಿಯ ಮೈಯೆಲ್ಲ ಎಳೆಯೆಳೆಯಾಗುತ್ತದೆ. ಸುರುಳಿಯನ್ನು ಸಿಲಿಕಾ ಜೆಲ್ಲಿನೊಡನೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಇಲ್ಲಿ ನಿತ್ಯದ ನಿಯಮ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ರೋಬೋ ಬಿಟ್ಟು ಹೋಗಬೇಡಿ. 60 ಡಿಗ್ರಿಯ ಆಸುಪಾಸಿನಲ್ಲಿ ಪಿಎಲ್ಎ ಮೆತ್ತಗಾಗುತ್ತದೆ. ಬಿಸಿಯಾಗುವ ಮೋಟಾರು ಕೂರುವ ಜಾಗಕ್ಕೆ ಹೆಚ್ಚು ಶಾಖ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕೇ ಸರಿ.

ಸಿದ್ಧ ರಬ್ಬರ್ ಪಟ್ಟಿ ಕೊಂಡು ತರಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಹರಿದರೆ ಹೊಸದೇ ಬೇಕು, ನಿಮ್ಮ ಪಟ್ಟಿಯಲ್ಲಿ ಒಂದು ಕೊಂಡಿ ಬದಲಿಸಿದರೆ ಮುಗಿಯಿತು. ಪೂರ್ತಿ ಪಟ್ಟಿಗೆ ಮೊದಲು ಎರಡೇ ಕೊಂಡಿ ಮುದ್ರಿಸಿ, ಪಿನ್ ಹಾಕಿ ಒಂದನ್ನು ಹಿಡಿದೆತ್ತಿ. ಇನ್ನೊಂದು ತನ್ನ ಭಾರಕ್ಕೇ ತೂಗಿದರೆ ಉಳಿದವನ್ನು ಮುದ್ರಿಸಲು ಹಾಕಿ.